ಎಫ್‌ಎಂನವರಿಗೆ ಕೊಟ್ಟ ನಲವತ್ತು ಕುಕ್ಕರ್

ನಲವತ್ತು ಕುಕ್ಕರ್. ಎಲ್ಲವೂ ಮೂರು ಲೀಟರಿನವು. ಅವನ್ನು ನಾನು ಒಂದು ಎಫ್‌ಎಂ ರೇಡಿಯೋದವರಿಗೆ ಕೊಡಬೇಕು, ಅವರು ಅವನ್ನು ಕೇಳುಗರಿಗೆ ಬಹುಮಾನ ಅಂತ ಹಂಚಬೇಕು, ಬದಲಿಗೆ ತಿಂಗಳು ಪೂರ್ತಿ ನಮ್ಮ ಅಂಗಡಿಯ ಹೆಸರು ಹೇಳಬೇಕು. ನಡುವೆ ಒಂದು ರೂಪಾಯಿಯೂ ಕೈ ಬದಲಾಯಿಸುವುದಿಲ್ಲ. ಇಷ್ಟೇ ವ್ಯಾಪಾರ.

ಬಸವೇಶ್ವರನಗರದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು ಕೂತವನಿಗೆ ದಿನಾ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇರುತ್ತದೆ. ಗಿರಾಕಿಗಳು ನಡೆಸಿಕೊಡುತ್ತಾರೆ, ನಾವು ಕೈ ಕಟ್ಟಿ ನೋಡಿದರೆ ಸಾಕು. ಆದರೆ ಆ ಒಂದು ಆಷಾಢ, ಶ್ರಾವಣದಲ್ಲಿ ನಡೆದಷ್ಟು ಹಿಂದೆಯೂ ನಡೆದಿಲ್ಲ, ಮುಂದೆಯೂ ನಡೆದಿಲ್ಲ. ಆಗ ನಮ್ಮ ರಸ್ತೆಯ ಅಂಗಡಿಗಳಲ್ಲೆಲ್ಲ ಒಂದೇ ಎಫ್‌ಎಂ ಹಾಡುತ್ತಿತ್ತು. ಟೈಲರ್ ಅಂಗಡಿ ಮುಂದೆ ಪಲ್ಲವಿ ಕೇಳಿಸಿಕೊಂಡು ಹೊರಟರೆ, ಕಟಿಂಗ್ ಶಾಪ್ ದಾಟುವಾಗ ಚರಣ, ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಹಾಡು ಮುಗಿದು ಚಡ್ಡಿ ಬನಿಯನ್ನಿನ ಜಾಹೀರಾತು. ಈಗ ಎಲ್ಲರ ಕಿವಿಯಲ್ಲೂ ಇಯರ್‌ಫೋನಿನ ಒಂದೊಂದು ಬಿಳಿ ಬೆಂಡು. ಯಾರು ಏನು ಕೇಳುತ್ತಾರೋ ಅವರಿಗೇ ಗೊತ್ತು.

ಗಾಳಿ ಕೊಟ್ಟು ಕುಕ್ಕರ್

ರೇಡಿಯೋ ಕಂಪನಿಯಿಂದ ಮಾರ್ಕೆಟಿಂಗ್ ಹುಡುಗಿ ಬಂದಾಗ ಗಲ್ಲಾದಲ್ಲಿ ನಾನಿದ್ದೆ. ಅಣ್ಣ ಪಕ್ಕದ ಸ್ಟೂಲಿನ ಮೇಲೆ ಕೂತು ಲೋಟಗಳಿಗೆ ರೇಟ್ ಚೀಟಿ ಅಂಟಿಸುತ್ತಿದ್ದ. ಅಂಗಡಿ ನಮ್ಮಿಬ್ಬರದ್ದು. ಅಣ್ಣ ದೊಡ್ಡವನು, ಆದರೂ ಗಲ್ಲಾ ನನ್ನದು. ಕಾರಣ ಇಷ್ಟೇ: ಗಿರಾಕಿ ಚೌಕಾಸಿ ಮಾಡಿದರೆ ಅಣ್ಣ, "ಬೇಡದಿದ್ರೆ ಬಿಡಿ, ಯಾರು ಬನ್ನಿ ಅಂದ್ರು?" ಅಂದುಬಿಡುತ್ತಿದ್ದ. ಅವನು ಗಲ್ಲಾದಲ್ಲಿ ಕೂತಿದ್ದ ಆರು ತಿಂಗಳಲ್ಲಿ ಎರಡು ಬೀದಿಯ ಗಿರಾಕಿಗಳು ಎದುರಿನ ಅಂಗಡಿ ಹಿಡಿದಿದ್ದರು. ನಮ್ಮಪ್ಪ ಅವನನ್ನು ಎಬ್ಬಿಸಿ ಗೋಡೌನಿಗೆ ಕಳಿಸಿದರು, ನನ್ನನ್ನು ಕೂರಿಸಿದರು. ಅದರ ಬಗ್ಗೆ ಅಣ್ಣನಿಗೆ ಇವತ್ತಿಗೂ ಸಮಾಧಾನವಿಲ್ಲ.

"ಇದು ಬಾರ್ಟರ್ ಡೀಲ್ ಸಾರ್," ಅಂದಳು ಹುಡುಗಿ.

"ಹಂಗಂದ್ರೆ?" ಅಣ್ಣ ಕೇಳಿದ.

"ವಸ್ತು ಕೊಟ್ಟು ವಸ್ತು ತಗೊಳ್ಳೋದು ಸಾರ್."

"ನಮ್ಮದು ಕುಕ್ಕರ್. ನಿಮ್ಮದೇನು ವಸ್ತು?"

"ಏರ್ ಟೈಮ್ ಸಾರ್."

ಅಣ್ಣ ಚೀಟಿ ಅಂಟಿಸುವುದನ್ನು ನಿಲ್ಲಿಸಿದ. "ನೋಡಮ್ಮ, ಹಳೇ ಪಾತ್ರೆ ತಗೊಂಡು ಹೊಸ ಪಾತ್ರೆ ಕೊಡೋದು ನಮ್ಮಪ್ಪನ ಕಾಲದಿಂದ ಮಾಡ್ಕೊಂಡು ಬಂದಿದೀವಿ. ಸೊಟ್ಟಗಿರೋ ತಪ್ಪಲೆ ತಂದ್ರೂ ತಗೊಂಡಿದೀವಿ, ತಳ ಇಲ್ಲದ ಬಕೆಟ್ ತಂದ್ರೂ ತಗೊಂಡಿದೀವಿ. ಗಾಳಿ ತಗೊಂಡು ಕುಕ್ಕರ್ ಕೊಡೋದು ಮಾತ್ರ ಇವತ್ತೇ ನೋಡ್ತಿರೋದು."

ನಾನು ಒಪ್ಪಿದೆ. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಪಾತ್ರೆ ಕೇಳುವವರಿಲ್ಲ. ಗೋಡೌನಿನಲ್ಲಿ ಕೂತ ಕುಕ್ಕರ್ ಧೂಳು ತಿನ್ನುತ್ತದೆ, ಅಷ್ಟೇ.

ಹುಡುಗಿ ಹೋದ ಮೇಲೆ ಅಣ್ಣ ಒಂದು ಖಾಲಿ ತಂಬಿಗೆಯನ್ನೂ ನಲವತ್ತು ಪಾಯಸದ ಚಮಚಗಳನ್ನೂ ತಂದು ಗಲ್ಲಾ ಪಕ್ಕ ಇಟ್ಟ. "ಒಂದೊಂದು ಕುಕ್ಕರಿಗೆ ಒಬ್ಬೊಬ್ಬ ಗಿರಾಕಿ. ರೇಡಿಯೋ ಕೇಳಿ ಬಂದೆ ಅಂತ ಅವರ ಬಾಯಲ್ಲೇ ಬರಬೇಕು. ಗಲ್ಲಾಕ್ಕೆ ದುಡ್ಡೂ ಬೀಳಬೇಕು. ಆಗ ತಂಬಿಗೆಗೆ ಒಂದು ಚಮಚ. ಪುಕ್ಕಟೆ ಕುಕ್ಕರ್ ತಗೊಂಡು ಹೋಗೋರು ಲೆಕ್ಕಕ್ಕಿಲ್ಲ. ವರಮಹಾಲಕ್ಷ್ಮಿ ಹಬ್ಬದೊಳಗೆ ನಲವತ್ತೂ ಬಿದ್ರೆ ಸರಿ. ಇಲ್ಲಾಂದ್ರೆ ಗಲ್ಲಾ ನನ್ನದು, ಗೋಡೌನ್ ನಿನ್ನದು."

ಅಣ್ಣ ಗಲ್ಲಾದಲ್ಲಿ ಕೂತರೆ ಮಿಕ್ಕ ಬೀದಿಗಳ ಗಿರಾಕಿಗಳೂ ಎದುರಿನವನ ಪಾಲು. ಅದು ಎದುರಿನ ಅಂಗಡಿಯವನಿಗೂ ಗೊತ್ತಿತ್ತು. ಸುದ್ದಿ ಕಿವಿಗೆ ಬಿದ್ದ ದಿನವೇ ರಸ್ತೆ ದಾಟಿ ಬಂದು, "ನ್ಯಾಯವಾದ ಮಾತು ಅಣ್ಣಾ, ಜಪ್ಪಯ್ಯ ಅಂದ್ರೂ ಬಿಡ್ಬೇಡಿ," ಅಂತ ಅಣ್ಣನ ಕೈ ಕುಲುಕಿ ಹೋದ.

ಮೇಘನಾಗೆ ಮದುವೆ ಮಾಡಿದ್ದು

ಜಾಹೀರಾತು ರೆಕಾರ್ಡ್ ಮಾಡಲು ಸ್ಟುಡಿಯೋಗೆ ಹೋದೆ. ಬಾಗಿಲು ತೆಗೆದರೆ ಎಸಿ ಗಾಳಿ, ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ. ಹೊರಗೆ ಬೇಸಿಗೆ ಇದ್ದರೂ ಅವರಿಗೆ ಊಟಿಯೇ. ಅಲ್ಲಿನ ಪ್ರೋಗ್ರಾಮ್ ಮ್ಯಾನೇಜರ್ ನನಗೆ ಫಾರ್ಮ್ಯಾಟ್ ಅಂದರೆ ಏನು ಅಂತ ಪಾಠ ಮಾಡಿದ. ಹೊಸ ಹಾಡು ಹಾಕುವವರದ್ದು ಒಂದು ಫಾರ್ಮ್ಯಾಟ್, ಹಳೇ ಹಾಡಿನವರದ್ದು ಒಂದು, ಬರೀ ಹಿಂದಿಯವರದ್ದು ಒಂದು. ಇವರದ್ದು ಹೊಸ ಕನ್ನಡ ಹಾಡು, ಗಂಟೆಗೆ ಇಷ್ಟು ಹಾಡು, ಹಾಡಿನ ನಡುವೆ ಇಷ್ಟೇ ಮಾತು. ನಮ್ಮ ಅಂಗಡಿಯಲ್ಲಿ ಸ್ಟೀಲ್ ಒಂದು ಕಡೆ, ಹಿತ್ತಾಳೆ ಒಂದು ಕಡೆ ಜೋಡಿಸುತ್ತೇವಲ್ಲ, ಹಾಗೆ. ಇದು ನನಗೆ ತಕ್ಷಣ ಅರ್ಥವಾಯಿತು.

ಆಮೇಲೆ ಅವನು ಗೋಡೆಯ ಮೇಲೆ ಅಂಟಿಸಿದ್ದ ಒಂದು ಹುಡುಗಿಯ ಚಿತ್ರ ತೋರಿಸಿದ. "ಇವಳು ಮೇಘನಾ ಸಾರ್. ವಯಸ್ಸು ಇಪ್ಪತ್ತಾರು. ಸ್ಕೂಟಿ ಓಡಿಸ್ತಾಳೆ, ಮಾಲ್‌ಗೆ ಹೋಗ್ತಾಳೆ, ಒಬ್ಬಳೇ ರೂಮ್ ಮಾಡ್ಕೊಂಡಿದಾಳೆ."

"ನಿಮ್ಮ ಆಫೀಸಿನವರಾ?"

"ಅಲ್ಲ ಸಾರ್. ಇವಳು ನಮ್ಮ ರೇಡಿಯೋ ಕೇಳೋಳು. ಅಂದ್ರೆ ನಿಜವಾಗಿ ಇಲ್ಲ. ನಾವೇ ಮಾಡ್ಕೊಂಡಿರೋದು. ಏನೇ ಮಾತಾಡಿದ್ರೂ ಮೇಘನಾಗೆ ಹೇಳ್ತಿದೀವಿ ಅಂತ ಅಂದ್ಕೊಂಡು ಮಾತಾಡ್ತೀವಿ."

ನಾನು ವ್ಯಾಪಾರಸ್ಥ. ಗಿರಾಕಿಯ ಬಗ್ಗೆ ಕೇಳಬೇಕಾದ್ದನ್ನು ಕೇಳಿದೆ. "ಮನೇಲಿ ಅಡುಗೆ ಮಾಡ್ತಾಳಾ?"

"ಇಲ್ಲ ಸಾರ್, ಹೋಟೆಲಿಂದ ತರಿಸ್ತಾಳೆ."

"ಮದುವೆ?"

"ಇಲ್ಲ ಸಾರ್."

"ಹಾಗಾದ್ರೆ ನನ್ನ ನಲವತ್ತು ಕುಕ್ಕರ್ ತಗೊಂಡು ಇವಳೇನು ಮಾಡ್ತಾಳಪ್ಪ? ನನ್ನ ಗಿರಾಕಿ ಅಂದ್ರೆ ನಲವತ್ತು ದಾಟಿದ ಹೆಂಗಸರು. ಪಾತ್ರೆ ತಟ್ಟಿ ನೋಡಿ ಶಬ್ದ ಕೇಳಿ ತಗೊಳ್ಳೋರು."

ಮ್ಯಾನೇಜರ್ ಗಲ್ಲದ ಮೇಲೆ ಕೈಯಿಟ್ಟು ಯೋಚಿಸಿದ. ಪಕ್ಕದಲ್ಲಿದ್ದ ಇಬ್ಬರನ್ನು ಕರೆದು ಇಂಗ್ಲಿಷಿನಲ್ಲಿ ಮಾತಾಡಿದ. ಮೂವರೂ ಮೇಘನಾಳ ಚಿತ್ರವನ್ನು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ ತುಂಬ ಗಂಭೀರವಾಗಿ ಹೇಳಿದ: "ಒಂದು ತಿಂಗಳ ಮಟ್ಟಿಗೆ ಮದುವೆ ಮಾಡಿಬಿಡೋಣ ಸಾರ್."

ಆಷಾಢದಲ್ಲಿ ನಾನು ನೋಡಿದ್ದು ಅದೊಂದೇ ಮದುವೆ. ಅದರಲ್ಲೂ ಪಾತ್ರೆ ಹೋಗಿದ್ದು ನಮ್ಮ ಕಡೆಯಿಂದಲೇ.

ಬೆನ್ನು ತಿರುಗಿಸಿ ಮಾತಾಡಿದ ಆಂಟಿ

ಬೆಳಗಿನ ಕಾರ್ಯಕ್ರಮ ನಡೆಸುವ ಆರ್‌ಜೆ ಒಂದು ಶನಿವಾರ ಅಂಗಡಿಗೆ ಬರುತ್ತಾನೆ ಅಂತ ಎರಡು ದಿನದಿಂದ ರೇಡಿಯೋದಲ್ಲಿ ಹೇಳಿದ್ದರು. ಅವನ ಧ್ವನಿ ಅಂದರೆ ಹಿತ್ತಾಳೆ ಹಂಡೆಯೊಳಗೆ ಮಾತಾಡಿದ ಹಾಗೆ. ಗಡುಸು, ದುಂಡು, ತುಂಬಿದ ಧ್ವನಿ. ನಾನು ಇದ್ದುದರಲ್ಲಿ ಗಟ್ಟಿಯಾದ ಕುರ್ಚಿ ತೆಗೆದಿಟ್ಟಿದ್ದೆ.

ಬಂದವನು ಒಲೆ ಊದುವ ಕೊಳವೆಯ ಹಾಗಿದ್ದ. ಟೀ ಶರ್ಟು ಹ್ಯಾಂಗರಿನಲ್ಲಿದ್ದಾಗ ಎಷ್ಟು ಸಡಿಲವಿತ್ತೋ ಮೈಮೇಲೂ ಅಷ್ಟೇ ಸಡಿಲ. ಅಣ್ಣ ಅವನನ್ನು ನೋಡಿ, "ಕೊರಿಯರ್ ಹಿಂದಗಡೆ ಬಾಗಿಲಿಗೆ ಕೊಡಪ್ಪ," ಅಂದ.

ಮೂರನೇ ಕ್ರಾಸಿನ ಆಂಟಿಯೊಬ್ಬರು ಅವನನ್ನು ನೋಡಲೆಂದೇ ಜರಿ ಸೀರೆ ಉಟ್ಟು ಬಂದಿದ್ದರು. ಮೇಲಿಂದ ಕೆಳಗೆ ನೋಡಿದರು. "ಇವನಾ? ಸುಮ್ನಿರಿ. ದಿನಾ ಬೆಳಿಗ್ಗೆ ನನ್ನ ಜೊತೆ ಮಾತಾಡೋರು ದಪ್ಪಗೆ, ಎತ್ತರಕ್ಕೆ, ಮೀಸೆ ಬಿಟ್ಕೊಂಡು ಇದಾರೆ."

"ನಾನೇ ಆಂಟಿ," ಅಂದ ಹುಡುಗ. ಧ್ವನಿ ಕೇಳಿ ಅವರು ಬೆಚ್ಚಿಬಿದ್ದರು. ಹುಡುಗನ ಹಿಂದೆ ಇನ್ಯಾರಾದರೂ ಇದ್ದಾರಾ ಅಂತ ಇಣುಕಿದರು. ಇರಲಿಲ್ಲ. ಆಮೇಲೆ ಅವರೇ ಒಂದು ಉಪಾಯ ಮಾಡಿದರು. ಗೋಡೆಯ ಕಡೆ ತಿರುಗಿ, ಅವನಿಗೆ ಬೆನ್ನು ಕೊಟ್ಟು, ಇಡ್ಲಿ ತಟ್ಟೆಗಳನ್ನು ನೋಡುತ್ತಾ ನಿಂತರು. "ಈಗ ಮಾತಾಡಪ್ಪ."

ಅರ್ಧ ಗಂಟೆ ಮಾತಾಡಿದರು. ಮಗಳ ಬಾಣಂತನ, ನಲ್ಲಿ ನೀರು, ಮೊಣಕಾಲು ನೋವು. ಹುಡುಗ ಪಾಪ, ಅವರ ಬೆನ್ನಿಗೆ ತಲೆಯಾಡಿಸಿಕೊಂಡು ಉತ್ತರ ಕೊಟ್ಟ. ಮಧ್ಯೆ ಒಂದು ಸಲ ಮರ್ಯಾದೆಗೆಂದು ಎದುರು ಬಂದು ನಿಂತ. ಆಂಟಿ ಕಣ್ಣು ಮುಚ್ಚಿಕೊಂಡರು. "ಅಲ್ಲೇ ಇರು ಮಗು. ಹಿಂದೆ ಇದ್ರೇನೇ ಚೆನ್ನಾಗಿದೀಯ."

ಹೊರಡುವಾಗ ಒಂದು ಬಿಂದಿಗೆ ಕೊಂಡರು. ಅಣ್ಣ ಚಮಚ ಹಿಡಿದುಕೊಂಡೇ ಕೇಳಿದ, "ರೇಡಿಯೋ ಕೇಳಿ ಬಂದ್ರಾ?"

"ರೇಡಿಯೋ ಯಾಕೆ? ನಮ್ಮನೆ ಬಿಂದಿಗೆ ತೂತಾಗಿದೆ, ಅದಕ್ಕೆ ಬಂದೆ."

ಚಮಚ ವಾಪಸ್ ಹೋಯಿತು. ಹದಿನೈದು ದಿನ ಕಳೆದಿತ್ತು, ತಂಬಿಗೆ ಖಾಲಿ.

ದಿನಾ ಮೂರೇ ಹೊಡೀತಾವ್ರೀ

ರೇಡಿಯೋದವರ ಪಂದ್ಯ ಹೀಗಿತ್ತು. ಬೆಳಗಿನ ಕಾರ್ಯಕ್ರಮದಲ್ಲಿ ಆರ್‌ಜೆ, "ರೆಡೀನಾ?" ಅಂತ ಕೇಳಿ, ಒಂದು ಹಾಡಿನೊಳಗೆ ಕುಕ್ಕರ್ ವಿಷಲ್ ಹಾಕುತ್ತಿದ್ದ. ಎಷ್ಟು ಸಲ ಕೂಗಿತು ಅಂತ ಮೊದಲು ಫೋನ್ ಮಾಡಿ ಸರಿಯಾಗಿ ಹೇಳಿದವರಿಗೆ ಕುಕ್ಕರ್. ಅದನ್ನು ನಮ್ಮ ಅಂಗಡಿಗೆ ಬಂದು ತೆಗೆದುಕೊಂಡು ಹೋಗಬೇಕು.

ಒಂದು ದಿನ ಗೆದ್ದವನು ಬಾಗಲಕೋಟೆ ಕಡೆಯ ಹುಡುಗ. ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ, ಶ್ರೀಗಂಧದ ಕಾವಲಿನಲ್ಲಿ ನಾಲ್ಕು ಜನ ಸೇರಿ ಒಂದು ರೂಮು. ಕುಕ್ಕರನ್ನು ಕೂಸಿನ ಹಾಗೆ ಎತ್ತಿಕೊಂಡು ನೋಡಿದ.

"ಅಣ್ಣಾರ, ಇದರ ಬದಲಿ ಒಂದು ಸ್ಟೋ ಕೊಡ್ತೀರೇನ್ರಿ?"

"ಯಾಕಪ್ಪ?"

"ನಮ್ಮ ರೂಮಿನ್ಯಾಗ ಗ್ಯಾಸ್ ಇಲ್ರೀ."

ನಿಯಮದ ಪ್ರಕಾರ ಬದಲಾಯಿಸುವ ಹಾಗಿಲ್ಲ ಅಂದೆ. ಆಮೇಲೆ ನನಗೇ ಕುತೂಹಲ. "ಲೇತ್ ಶಬ್ದದಲ್ಲಿ ವಿಷಲ್ ಹೇಗಪ್ಪ ಕೇಳಿಸ್ತು?"

"ಎಲ್ಲಿ ಕೇಳ್ತೈತ್ರೀ? ಅಲ್ಲಿ ಮಾಲಕರು ಬೈಯೋದಽ ಕೇಳಂಗಿಲ್ಲ."

"ಮತ್ತೆ ಸರಿಯಾಗಿ ಹೇಳಿದೆಯಲ್ಲ?"

"ದಿನಾ ಮೂರಽ ಹೊಡೀತಾವ್ರೀ. ರೇಡಿಯೋದಾವ್ರಿಗೂ ಅವ್ವಾ ಇರ್ತಾಳಲ್ರೀ? ಎಲ್ಲಾರ ಅವ್ವಾನೂ ಅನ್ನಕ್ಕ ಮೂರಽ ಸೀಟಿ ಹೊಡಸ್ತಾಳ."

ನಾಲ್ಕು ದಿನ ಬಿಟ್ಟು ಅದೇ ಹುಡುಗ ಮತ್ತೆ ಬಂದ. ಸೀಮೆಎಣ್ಣೆ ಸ್ಟೋ ಎಲ್ಲೋ ಗಿಟ್ಟಿಸಿದ್ದ, ಈಗ ನಾಲ್ಕು ತಾಟು, ಒಂದು ಸೌಟು ಬೇಕು. ದುಡ್ಡು ಎಣಿಸಿ ಕೊಟ್ಟ. ನಾನು ಆಸೆಯಿಂದ, "ರೇಡಿಯೋ ಕೇಳಿ ಬಂದ್ಯಾ?" ಅಂದೆ.

"ಇಲ್ರೀ. ಕುಕ್ಕರ್ ಐತಿ, ಉಣ್ಣಾಕ ತಾಟಿಲ್ಲ. ಮುಚ್ಚಳದಾಗ ಉಂಡ್ರ ಜಗಳ ಆಗ್ತಾವ."

ಅಣ್ಣ ಚಮಚ ಮುಟ್ಟಲೂ ಇಲ್ಲ.

ಆ ಸಂಜೆಯೇ ಆರ್‌ಜೆಗೆ ಫೋನ್ ಮಾಡಿ ದಬಾಯಿಸಿದೆ. "ಏನಪ್ಪ ಇದು, ಕೇಳದೇ ಇರೋರೂ ಗೆಲ್ತಿದಾರೆ! ಇನ್ನು ಮುಂದೆ ಯಾವಾಗ ಬೇಕಾದ್ರೂ ಕೂಗಿಸು, ಎಷ್ಟು ಬೇಕಾದ್ರೂ ಕೂಗಿಸು, ರೆಡೀನಾ ಅಂತ ಕೇಳ್ಬೇಡ. ಕಾರ್ಯಕ್ರಮ ಪೂರ್ತಿ ಕಿವಿ ಕೊಟ್ಟು ಕೂತಿರ್ಬೇಕು. ಮತ್ತೆ ಆ ವಿಷಲ್ ಎಲ್ಲಿಂದ ತಂದಿದೀಯೋ? ಯಶವಂತಪುರಕ್ಕೆ ರೈಲು ಬಂದ ಹಾಗಿದೆ. ಬಾ, ನಮ್ಮ ಕುಕ್ಕರಿನದ್ದೇ ರೆಕಾರ್ಡ್ ಮಾಡ್ಕೋ."

ಹುಡುಗ ಮೈಕ್ ಹಿಡಿದು ಬಂದ. ಅಂಗಡಿ ಹಿಂದೆ ಒಲೆ ಹಚ್ಚಿ, ಹೊಸ ಕುಕ್ಕರಿನಲ್ಲಿ ನೀರಿಟ್ಟು ಕೂಗಿಸಿ ಕೊಟ್ಟೆ. ಎಷ್ಟು ಚೆನ್ನಾಗಿ ಬಂತೆಂದರೆ, ರೆಕಾರ್ಡಿಂಗ್ ಹಾಕಿ ಕೇಳಿಸಿದಾಗ ಅಣ್ಣ ಒಳಗಿಂದ ಕೂಗಿದ: "ಆಫ್ ಮಾಡ್ರೋ, ಗ್ಯಾಸ್ ದಂಡ!"

ಅಲ್ಲಿಗೇ ನನಗೆ ಹೊಳೆಯಬೇಕಿತ್ತು.

ಬೇಯದ ಬೇಳೆ

ಹಬ್ಬಕ್ಕೆ ಇನ್ನು ನಾಲ್ಕು ದಿನ. ತಂಬಿಗೆಯೊಳಗೆ ಒಂದು ಜೇಡ ಸಂಸಾರ ಹೂಡಿತ್ತು. ಅಣ್ಣ ಗಲ್ಲಾ ಕುರ್ಚಿಗೆ ಹೊಸ ದಿಂಬು ಕೊಂಡು ತಂದಿದ್ದ. ಎದುರಿನ ಅಂಗಡಿಯವನು ದೂರದಿಂದಲೇ ಅಣ್ಣನಿಗೆ ನಮಸ್ಕಾರ ಮಾಡಲು ಶುರು ಮಾಡಿದ್ದ. ಅಣ್ಣನಿಗಿದ್ದ ತಾಪತ್ರಯ ಒಂದೇ. "ಎರಡು ದಿನದಿಂದ ಹಲ್ಲು ನೋವು ಕಣೋ. ಊಟ ಮಾಡಿದ್ರೆ ದವಡೆ ಎಲ್ಲಾ ಹಿಡ್ಕೊಳ್ಳುತ್ತೆ. ಡಾಕ್ಟರ್ ಹತ್ರ ಹೋಗ್ಬೇಕು, ಹಲ್ಲು ಕೀಳೋದೇ ಆಗುತ್ತೇನೋ."

ಹನ್ನೊಂದರ ಹೊತ್ತಿಗೆ ಮೂರನೇ ಕ್ರಾಸಿನ ಆಂಟಿ ಬಂದರು. ಜರಿ ಸೀರೆಯಲ್ಲ, ಮನೆಯ ನೈಟಿ, ಮೇಲೊಂದು ಟವೆಲು. ಕೈಯಲ್ಲಿ ಕುಕ್ಕರ್ ಮುಚ್ಚಳ.

"ಎಲ್ರೀ ಆ ಹುಡುಗ? ಕರೀರಿ. ಈ ಸಲ ಮುಖ ನೋಡೇ ಮಾತಾಡ್ತೀನಿ!"

ವಿಷಯ ಇಷ್ಟು. ಆಂಟಿ ಬೇಳೆ ಬೇಯಲಿಟ್ಟು ನಡುಮನೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದಾರೆ. ರೇಡಿಯೋ ಫ್ರಿಜ್ಜಿನ ಮೇಲೆ. ಒಂದು ವಿಷಲ್ ಬಂತು, ಎರಡು ಬಂತು, ಮೂರು, ನಾಲ್ಕು. ಎದ್ದು ಹೋಗಿ ಒಲೆ ಆರಿಸಿದ್ದಾರೆ. ಅದರಲ್ಲಿ ಮೂರು ರೇಡಿಯೋದ್ದು. ಇವರ ಕುಕ್ಕರ್ ಕೂಗಿದ್ದು ಒಂದೇ. ಬೇಳೆ ಬೇಳೆಯಾಗೇ ಇದೆ. ಮನೆಗೆ ಬೀಗರು ಬಂದಿದ್ದಾರೆ.

ಅವರ ಮಾತು ಮುಗಿಯುವ ಮೊದಲೇ ಇನ್ನಿಬ್ಬರು ಮೆಟ್ಟಿಲು ಹತ್ತಿದರು. ಇಬ್ಬರ ಕೈಯಲ್ಲೂ ಮುಚ್ಚಳ. ಆಮೇಲೆ ನಂದಿನಿ ಲೇಔಟಿನಿಂದ ಒಂದು ಆಟೋ ತುಂಬ ಬಂದರು. ಒಬ್ಬಾಕೆಯದ್ದು ಉಲ್ಟಾ ಕಥೆ. ತಮ್ಮ ಮನೆ ವಿಷಲನ್ನೂ ಸೇರಿಸಿ ಎಣಿಸಿ ರೇಡಿಯೋಗೆ ಫೋನ್ ಮಾಡಿ, "ಒಂಬತ್ತು" ಅಂದಿದ್ದರಂತೆ. ಆರ್‌ಜೆ, "ಒಂಬತ್ತಾ? ಏನು ಆಂಟಿ, ಕಲ್ಲು ಬೇಯಿಸ್ತಿದೀರಾ?" ಅಂತ ಊರಿಗೆಲ್ಲ ಕೇಳುವ ಹಾಗೆ ನಕ್ಕನಂತೆ. ಆಕೆಯ ಓರಗಿತ್ತಿ ವಿಜಯನಗರದಲ್ಲಿ ಅದನ್ನು ಕೇಳಿಸಿಕೊಂಡು ಫೋನ್ ಮಾಡಿ ಮತ್ತೆ ನಕ್ಕಳಂತೆ. ಅವರಿಗೆ ಬೇಳೆಗಿಂತ ಓರಗಿತ್ತಿಯ ನಗುವೇ ಜೀರ್ಣವಾಗಿರಲಿಲ್ಲ.

ನಾನು ಮುಚ್ಚಳ ಕೈಗೆ ತೆಗೆದುಕೊಂಡೆ. ಜಗಳಕ್ಕೆ ಬಂದವರ ಕೈಯಲ್ಲಿರುವ ಸಾಮಾನನ್ನು ಮೊದಲು ನಮ್ಮ ಕೈಗೆ ತೆಗೆದುಕೊಳ್ಳಬೇಕು; ಅರ್ಧ ಜಗಳ ಅಲ್ಲಿಗೆ ಮುಗಿಯುತ್ತದೆ. ಒಳಗಿನ ರಬ್ಬರನ್ನು ಎಳೆದು ತೋರಿಸಿದೆ.

"ನೋಡಿ ಆಂಟಿ, ರೇಡಿಯೋದ್ದು ತಪ್ಪೇ. ನಾನೇ ಬೈತೀನಿ. ಆದರೆ ಈ ಗ್ಯಾಸ್ಕೆಟ್ ನೋಡಿ, ಹಳೇ ಬಳೆ ಆಗಿದೆ. ಯಾವಾಗ ಬದಲಾಯಿಸಿದ್ದು?"

ಆಂಟಿ ಯೋಚಿಸಿದರು. "ಬದಲಾಯಿಸ್ಬೇಕಾ ಅದನ್ನ?"

ಸುಳ್ಳಲ್ಲ ನಾನು ಹೇಳಿದ್ದು. ನಮ್ಮ ಕಡೆಯವರು ಮನೆಗೆ ಸುಣ್ಣ ಬಳಿಸುತ್ತಾರೆ, ಮಗನಿಗೆ ಮದುವೆ ಮಾಡುತ್ತಾರೆ, ಗ್ಯಾಸ್ಕೆಟ್ ಮಾತ್ರ ಬದಲಾಯಿಸುವುದಿಲ್ಲ. ಬಂದ ಮುಚ್ಚಳಗಳದ್ದೆಲ್ಲ ಅದೇ ಕಥೆ. ಆಂಟಿ ಹೊಸದು ಹಾಕಿಸಿಕೊಂಡರು, ದುಡ್ಡು ಗಲ್ಲಾಕ್ಕೆ ಬಿತ್ತು.

ನಾನು ಅಣ್ಣನ ಮುಖ ನೋಡಿದೆ. ಅಣ್ಣ, "ಜಗಳಕ್ಕೆ ಬಂದವರು ಗಿರಾಕಿ ಅಲ್ಲ," ಅಂದ.

"ದುಡ್ಡು ಬಿತ್ತಲ್ಲ. ಇನ್ನು ಬಾಯಲ್ಲಿ ಬರಬೇಕು, ಅಷ್ಟೇ ತಾನೇ? ಆಂಟಿ, ಒಂದು ನಿಮಿಷ. ನೀವು ಏನು ಕೇಳಿ ಬಂದ್ರಿ?"

ಆಂಟಿಗೆ ರೇಗಿತು. "ಇನ್ನೇನು ಕೇಳಿ ಬರ್ತಾರೆ? ರೇಡಿಯೋ! ರೇಡಿಯೋ ಕೇಳೇ ಬಂದಿರೋದು! ಎಲ್ಲರೂ ರೇಡಿಯೋ ಕೇಳೇ ಬಂದಿರೋದು!"

"ಹೌದು!" ಅಂತ ಆಟೋದಲ್ಲಿ ಬಂದವರೆಲ್ಲ ಒಟ್ಟಿಗೆ ಕೂಗಿದರು.

ಅಣ್ಣ ಮಾತಿಗೆ ತಪ್ಪುವವನಲ್ಲ. ಜೇಡವನ್ನು ಕೊಡವಿ, ತಂಬಿಗೆಗೆ ಚಮಚ ಹಾಕಲು ಶುರು ಮಾಡಿದ. ಟಣ್. ಟಣ್. ಟಣ್. ಅದಕ್ಕಿಂತ ಇಂಪಾದ ಹಾಡು ಆ ರೇಡಿಯೋದಲ್ಲಿ ನಾನು ಕೇಳಿಲ್ಲ.

ಮೂರು ದಿನ ಮುಚ್ಚಳಗಳ ಮೆರವಣಿಗೆ. ಆರ್‌ಜೆಗೆ ಫೋನ್ ಮಾಡಿ, "ಬೈತೀನಿ ಅಂತ ಮಾತು ಕೊಟ್ಟಿದೀನಿ, ಬೈದಿದೀನಿ ಅಂದ್ಕೋ. ವಿಷಲ್ ಮಾತ್ರ ನಿಲ್ಲಿಸ್ಬೇಡ," ಅಂದೆ. ಹಬ್ಬದ ಹಿಂದಿನ ಸಂಜೆ ಶಟರ್ ಎಳೆಯುವ ಹೊತ್ತಿಗೆ ತಂಬಿಗೆಯಲ್ಲಿ ಮೂವತ್ತೊಂಬತ್ತು ಚಮಚ. ಹೊರಗೆ ಒಂದೇ ಒಂದು. ಅಣ್ಣ ಅದನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ದಿಂಬು ಹಿಡಿದು ನಿಂತಿದ್ದ. "ಮುಗೀತು ಕಣೋ. ಏಳು."

"ಶಟರ್ ಎಳೀಬೇಡಿ," ಅಂತ ಒಂದು ಧ್ವನಿ.

ಅತ್ತಿಗೆ. ಹಿಂದಿನ ಕ್ರಾಸಿನಲ್ಲೇ ಅಣ್ಣನ ಮನೆ. ಅಂಗಡಿಗೆ ಅವರು ವರ್ಷಕ್ಕೊಮ್ಮೆ ಪೂಜೆಗೆ ಮಾತ್ರ ಬರುವವರು. ಸೆರಗಿನ ಕೆಳಗಿಂದ ಕುಕ್ಕರ್ ಮುಚ್ಚಳ ತೆಗೆದು ಗಲ್ಲಾ ಮೇಲಿಟ್ಟರು.

ಅಣ್ಣ ಕೇಳಿದ, "ಇದೇನೇ?"

"ಐದು ದಿನದಿಂದ ಬೇಳೆ ಬೇಯ್ತಿಲ್ಲ ಕಣ್ರೀ. ನಾಳೆ ಹೋಳಿಗೆ ಮಾಡ್ಬೇಕು, ಕಡ್ಲೆಬೇಳೆ ಏನು ಅಂಗಳದಲ್ಲಿ ಚೆಲ್ಲಲಾ? ಆ ದರಿದ್ರ ರೇಡಿಯೋ ಕೇಳಿ ಕೇಳಿ ಒಲೆ ಆರಿಸ್ತಿದ್ದೆ. ಈಗ ಗೊತ್ತಾಯ್ತು, ಪಕ್ಕದ ಮನೆಯವರು ಹೇಳಿದ್ರು. ಗ್ಯಾಸ್ಕೆಟ್ಟೂ ಬದಲಾಯಿಸ್ಕೊಳ್ಳಿ ಅಂದ್ರು."

"ನಮ್ಮನೇಲಿ ರೇಡಿಯೋ ಎಲ್ಲಿದೆ?"

"ನಿಮಗೆ ಎಲ್ಲಾ ಹೇಳಿ ಮಾಡ್ಬೇಕಾ? ನೀವು ಬೆಳಿಗ್ಗೆ ಈ ಕಡೆ ಬಂದ್ಮೇಲೆ ಹಾಕ್ಕೋತೀನಿ. ಎರಡು ವರ್ಷ ಆಯ್ತು."

ಅಣ್ಣನ ಕೈ ತಾನಾಗಿ ದವಡೆಗೆ ಹೋಯಿತು. "ಹಾಗಾದ್ರೆ ನನ್ನ ಹಲ್ಲು...?"

"ಹಲ್ಲಿಗೇನಾಗಿದೆ? ಬೆಂದಿಲ್ಲ ಅಂತ ಒಂದು ಮಾತು ಹೇಳಿದ್ರಾ ನೀವು? ಕಟುಂ ಕಟುಂ ಅಂತ ತಿಂದು ಎದ್ದು ಹೋಗ್ತಿದ್ರಿ. ನಾನು ಚೆನ್ನಾಗೇ ಆಗಿದೆ ಅಂದ್ಕೊಂಡೆ."

ನಾನು ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಹಾಕಿದೆ. ಹಾಕಿ, ಕೈ ತೆಗೆಯದೆ ಹೇಳಿದೆ: "ಅತ್ತಿಗೆ, ದುಡ್ಡು ಕೊಟ್ರೆ ನೀವು ಗಿರಾಕಿ. ಕೊಡದಿದ್ರೆ ಮನೆಯವರು. ಯಾವುದು ಅಂತ ಅಣ್ಣನ್ನೇ ಕೇಳಿ."

ಅತ್ತಿಗೆಗೆ ನಮ್ಮಿಬ್ಬರ ಪಂದ್ಯವೂ ಗೊತ್ತಿರಲಿಲ್ಲ, ಚಮಚವೂ ಗೊತ್ತಿರಲಿಲ್ಲ. ಅಣ್ಣನ ಮುಂದೆ ಕೈ ಚಾಚಿದರು. "ಕೊಡ್ರೀ. ಪುಕ್ಕಟೆ ತಗೊಂಡ್ಲು ಅಂತ ನಾಳೆ ಯಾರೂ ಅನ್ಬಾರ್ದು."

ಅಣ್ಣ ನನ್ನನ್ನು ನೋಡಿದ. ಅತ್ತಿಗೆಯನ್ನು ನೋಡಿದ. ರಸ್ತೆಯಾಚೆ ಕುತ್ತಿಗೆ ಉದ್ದ ಮಾಡಿಕೊಂಡು ನಿಂತಿದ್ದ ಎದುರಿನ ಅಂಗಡಿಯವನನ್ನು ನೋಡಿದ. ಜೇಬಿನಿಂದ ದುಡ್ಡು ತೆಗೆದು ಗಲ್ಲಾಕ್ಕೆ ಹಾಕಿದ. "ಬೇಡದಿದ್ರೆ ಬಿಡಿ ಅನ್ನೋಕೂ ಆಗಲ್ಲ ಇವಳಿಗೆ," ಅಂತ ಗೊಣಗಿಕೊಂಡು ತನ್ನ ಕೈಯಾರೆ ನಲವತ್ತನೆಯ ಚಮಚ ತಂಬಿಗೆಗೆ ಹಾಕಿದ. ಟಣ್.

ದೀಪಾವಳಿ ಹೊತ್ತಿಗೆ ಆ ಸ್ಟೇಷನ್ನಿನ ಫಾರ್ಮ್ಯಾಟ್ ಬದಲಾಯಿತು. ಮಾರ್ಕೆಟಿಂಗ್ ಹುಡುಗಿ ಬಂದು, "ಈಗ ಮೇಘನಾ ಇಲ್ಲ ಸಾರ್. ಪೂರ್ತಿ ಹಳೇ ಹಾಡು. ನಮ್ಮ ಹೊಸ ಕೇಳುಗರು ಅಂದ್ರೆ ಐವತ್ತು ದಾಟಿದ ಗಂಡಸು, ಕಮ್ಮಿ ಮಾತು, ಸ್ವಲ್ಪ ಕೋಪ, ಮನೇಲಿ ಹೇಳಿದ್ದು ಕೇಳ್ತಾರೆ," ಅಂದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಸ್ಟೂಲಿನ ಕಡೆ ಹೋಯಿತು. ಅಂದಿನಿಂದ ಗೋಡೌನಿನಲ್ಲಿ ಒಂದು ರೇಡಿಯೋ ಇದೆ. ಅಣ್ಣ ಈಗಲೂ ಅಲ್ಲೇ, ಗಲ್ಲಾ ಕುರ್ಚಿಗೆಂದು ತಂದಿದ್ದ ದಿಂಬಿನ ಮೇಲೆ ಕೂತು ಕೇಳುತ್ತಾನೆ. ಈ ರಸ್ತೆಯಲ್ಲಿ ಕಿವಿಗೆ ಬೆಂಡು ಇಟ್ಟುಕೊಳ್ಳದೆ ಎಫ್‌ಎಂ ಕೇಳುವವನು ಅವನೊಬ್ಬನೇ ಉಳಿದಿರುವುದು.

ಈಗ ಲೆಕ್ಕ. ಕೊಟ್ಟದ್ದು ನಲವತ್ತು ಕುಕ್ಕರ್. ಬಂದದ್ದು ನಲವತ್ತು ಗ್ಯಾಸ್ಕೆಟ್ಟಿನ ದುಡ್ಡು. ಅದರಲ್ಲಿ ಎರಡು ಕುಕ್ಕರೂ ಬರುವುದಿಲ್ಲ. ಆದರೆ ಗ್ಯಾಸ್ಕೆಟ್ ಬದಲಾಯಿಸಬೇಕು ಅನ್ನುವುದು ಆ ಬೀದಿಗಳಿಗೆಲ್ಲ ಆಗ ಗೊತ್ತಾದದ್ದು ಇನ್ನೂ ಮರೆತಿಲ್ಲ, ವರ್ಷಾ ವರ್ಷಾ ಮುಚ್ಚಳ ಹಿಡಿದು ಬರುತ್ತಾರೆ. ಪುಕ್ಕಟೆ ಕುಕ್ಕರ್ ಒಯ್ದವರೂ ಬರುತ್ತಾರೆ. ಬಾಗಲಕೋಟೆ ಹುಡುಗ ತನ್ನ ಮದುವೆಯ ಪಾತ್ರೆಯನ್ನೆಲ್ಲ ನಮ್ಮಲ್ಲೇ ಕೊಂಡ. ಗಲ್ಲಾ ಉಳಿಯಿತು. ಮತ್ತೆ, ಅಣ್ಣನ ಹಲ್ಲು ಕೀಳುವ ಡಾಕ್ಟರ ಫೀಸು. ಅದೂ ಉಳಿತಾಯವೇ.